ಹಳೆಯ ಗಂಟೆಯೋ, ಹೊಸ ಗಂಟೆಯೋ

ಏಪ್ರಿಲ್ 6, ಭಾನುವಾರ

ಸುದ್ದಿಯನ್ನು ಮೊದಲು ಹೇಳಿದವನು ಹತಾರದ ಕೋಣೆಯ ಹಮ್ಮಾದಿ, ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ, ಫೋನಿನಲ್ಲಿ. ಹಳೆಯ ಗಂಟೆ ಹನ್ನೊಂದೋ ಹೊಸ ಗಂಟೆ ಹನ್ನೊಂದೋ ನಾನು ಕೇಳಲಿಲ್ಲ, ಆಗಷ್ಟೇ ನಿದ್ದೆ ಹತ್ತಿತ್ತು.

"ಬೂಷ್ತಾ, ಏಳು. ರಾತ್ರಿ ನೀವು ರಿಪೇರಿ ಮಾಡಿದ ವಿಮಾನ ವಾಪಸ್ ಬಂತು."

"ಬರ್ಲಿ ಬಿಡು. ಹೋದದ್ದು ಬರ್ಲೇಬೇಕಲ್ಲ."

"ಮಾರ್ಸೇಗೆ ಹೋಗಿ ಬಂದದ್ದಲ್ಲ ಮಾರಾಯ. ಅರ್ಧ ದಾರಿಯಿಂದ ತಿರುಗಿಸ್ಕೊಂಡು ಬಂದಿದ್ದಾರೆ. ರೆಕ್ಕೆಯಿಂದ ಇಂಧನ ಸೋರ್ತಿತ್ತಂತೆ. ಕಿಟಕಿ ಪಕ್ಕ ಕೂತಿದ್ದ ಯಾವನೋ ಬಿಳಿ ದಾರ ಎಳೆದ ಹಾಗೆ ಕಾಣ್ತಿದೆ ಅಂತ ಕೂಗಿದ್ನಂತೆ."

ಎದ್ದು ಕೂತೆ. ನೂರ ಅರವತ್ತೆರಡು ಜನರಿದ್ದರು. ನೆಲಕ್ಕಿಳಿದ ಕೂಡಲೇ ಬೆಂಕಿಯ ಭಯಕ್ಕೆ ಎಲ್ಲರನ್ನೂ ಜಾರುಬಂಡೆಯಿಂದ ಇಳಿಸಿದ್ದಾರೆ. ಒಬ್ಬ ಮುದುಕಿಗೆ ಮಣಿಕಟ್ಟು ಮುರಿದಿದೆ. ಬೇರೆ ಯಾರಿಗೂ ಏನೂ ಆಗಿಲ್ಲ, ದೇವರು ದೊಡ್ಡವನು.

ಯಾವ ರೆಕ್ಕೆ ಎಂದು ಕೇಳಿದೆ. ಎಡಗಡೆಯದು ಎಂದ. ನಾವು ಕೆಲಸ ಮಾಡಿದ್ದೂ ಎಡಗಡೆಯದರಲ್ಲೇ.

ಆದರೆ ನನಗೆ ಗಾಬರಿಯಿಲ್ಲ. ನಡೆದದ್ದನ್ನು ನಡೆದ ಹಾಗೆ ಇಲ್ಲಿ ಬರೆದಿಡುತ್ತೇನೆ. ರೆಕ್ಕೆಯ ಅಡಿಯಲ್ಲಿ ಟ್ಯಾಂಕಿಗೆ ಒಂದು ಮುಚ್ಚಳವಿದೆ. ಅದನ್ನು ಬದಲಾಯಿಸಿ, ಸುತ್ತ ಅಂಟು ಹಚ್ಚಿದವನು ಮಿಲೂದ್. ಪಕ್ಕದಲ್ಲಿ ನಿಂತು ನೋಡಿ, ಕೆಲಸ ಸರಿಯಿದೆ ಎಂದು ಚೀಟಿಗೆ ಹದಿನೇಳನೆಯ ನಂಬರಿನ ಮೊಹರು ಒತ್ತಿದವನು ನಾನು. ಹನ್ನೊಂದೂವರೆಗೆ ಅಂಟು ಮುಗಿಯಿತು. ಅದು ಗಟ್ಟಿಯಾಗಲು ನಾಲ್ಕು ಗಂಟೆ ಬಿಡಬೇಕೆಂದು ವಿಮಾನ ಮಾಡಿದ ಕಾರ್ಖಾನೆಯವರ ಪುಸ್ತಕದಲ್ಲಿದೆ. ಮೂರೂ ಮುಕ್ಕಾಲಿಗೆ ಇಂಧನ ತುಂಬಿಸಿದೆವು. ಅಂದರೆ ನಾಲ್ಕೂಕಾಲು ಗಂಟೆ, ಬೇಕಾದ್ದಕ್ಕಿಂತ ಕಾಲು ಗಂಟೆ ಹೆಚ್ಚೇ. ಮಿಲೂದ್ ಉಳಿದ ಅಂಟಿನ ಲೋಟವನ್ನು ಉಗುರಿನಿಂದ ಒತ್ತಿ, "ಮಾಲೆಮ್, ಇನ್ನೂ ಮೆತ್ತಗಿದೆ ಅನ್ಸುತ್ತೆ" ಎಂದ. "ಮೇಲೆ ಗಡಿಯಾರ ನೋಡೋ" ಎಂದೆ. ನೋಡಿದ, ಲೋಟ ಕೆಳಗಿಟ್ಟ. ಮೂವತ್ತೊಂದು ವರ್ಷದ ಅನುಭವ ಎಂದರೆ ಅದೇ, ಉಗುರಿಗಲ್ಲ, ಗಂಟೆಗೆ ಬೆಲೆ ಕೊಡುವುದು.

ಪುಸ್ತಕದಲ್ಲೇ ತಪ್ಪಿದೆ. ಹೋದ ವರ್ಷದವರೆಗೂ ಇದೇ ಅಂಟಿಗೆ ಎಂಟು ಗಂಟೆ ಎಂದಿತ್ತು. ಕಾರ್ಖಾನೆಯವರು ಕುರ್ಚಿಯಲ್ಲಿ ಕೂತು ಎಂಟನ್ನು ಹೊಡೆದು ನಾಲ್ಕು ಮಾಡಿದರು. ಈಗ ಅನುಭವಿಸಲಿ.

ಬೆಳಿಗ್ಗೆ ಮನೆಗೆ ಬಂದಾಗ ತಾಮು ಇನ್ನೂ ರೊಟ್ಟಿಯ ಹಿಟ್ಟು ಕಲಸುತ್ತಿದ್ದಳು. ಮೂವತ್ತು ವರ್ಷದಲ್ಲಿ ಒಂದು ದಿನವೂ ತಡ ಮಾಡದವಳು. ಗಂಡ ಹಸಿದು ಬರುತ್ತಾನೆಂದು ಗೊತ್ತಿಲ್ಲವೇ ಎಂದು ಗದರಿದೆ. ಅವಳು ಅಡುಗೆಮನೆಯ ಗಡಿಯಾರ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಹಿಟ್ಟಿಗೆ ಕೈ ಹಾಕಿದಳು. ರಮದಾನ್ ಮುಗಿಯಿತಲ್ಲ, ಉಪವಾಸದ ತಿಂಗಳಿಗೆಂದು ಹಿಂದಕ್ಕಿಟ್ಟಿದ್ದ ಎಲ್ಲರ ಗಡಿಯಾರವನ್ನೂ ನಿನ್ನೆ ರಾತ್ರಿ ಸರಕಾರ ಮತ್ತೆ ಒಂದು ಗಂಟೆ ಮುಂದಕ್ಕೆ ತಳ್ಳಿದೆ. ಇನ್ನೊಂದು ವಾರ ಊರಿಗೆ ಊರೇ "ಹಳೆ ಗಂಟೆನಾ, ಹೊಸ ಗಂಟೆನಾ" ಎಂದು ಕೇಳಿಕೊಂಡು ತಿರುಗುತ್ತದೆ. ತಾಮು ಮಾತ್ರ ತನ್ನ ಗಡಿಯಾರವನ್ನು ಮುಟ್ಟುವುದಿಲ್ಲ. ಚಳಿಗಾಲ, ಬೇಸಿಗೆ, ರಮದಾನ್, ಯಾವಾಗಲೂ ಅದಕ್ಕೆ ಹಳೆಯ ಗಂಟೆಯೇ. ಹಳ್ಳಿಯ ಹೆಂಗಸಿನ ಹಟ.

ಏಪ್ರಿಲ್ 7, ಸೋಮವಾರ

ಹ್ಯಾಂಗರಿನಲ್ಲಿ ಎಲ್ಲರೂ ಪಿಸುಮಾತು. ಗುಣಮಟ್ಟ ವಿಭಾಗದ ಮುಖ್ಯಸ್ಥ ಲಹ್ಲೂ ಸಾಹೇಬರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. ನನಗಿಂತ ಹದಿನೈದು ವರ್ಷ ಚಿಕ್ಕವರು, ಅದಕ್ಕೇ ಗೌರವಕ್ಕೆ ನನ್ನ ಹೆಸರಿಗೆ 'ಸಿ' ಸೇರಿಸಿ ಕರೆಯುತ್ತಾರೆ. ಕೈಯಲ್ಲಿ ಸದಾ ಪೆನ್ನು ಆಡಿಸುತ್ತಾರೆ.

"ಸಿ ಬೂಷ್ತಾ, ಒಂದೇ ಮಾತು ಕೇಳ್ತೀನಿ. ನಮ್ಮದಾ, ಅವರದಾ?"

"ಅವರದು."

"ಅಷ್ಟು ಖಡಾಖಂಡಿತ?"

"ಚೀಟಿ ನೋಡಿ. ಹನ್ನೊಂದೂವರೆ, ಮೂರೂ ಮುಕ್ಕಾಲು. ಎರಡೂ ನನ್ನ ಕೈಬರಹ."

ಲಹ್ಲೂ ಚೀಟಿ ನೋಡಿದರು. ಮುಖ ಅರಳಿತು. "ಹಾಗಾದ್ರೆ ನಾವು ಗೆದ್ವಿ. ಕಾರ್ಖಾನೆಯವರು ಮುಂದಿನ ವಾರ ತಜ್ಞೆಯೊಬ್ಬರನ್ನ ಕಳಿಸ್ತಾರೆ. ಈ ಚೀಟಿನ ಅವರ ಮುಖಕ್ಕೆ ಹಿಡೀರಿ."

ಹಿಡಿಯುತ್ತೇನೆ. ಹೊರಗೆ ಬಂದಾಗ ಮಿಲೂದ್ ಕಂಬಕ್ಕೆ ಒರಗಿ ನಿಂತಿದ್ದ. ಈಗ ಅವನಿಗೆ ನಲವತ್ತೆರಡು. ಕೆಲಸಕ್ಕೆ ಸೇರಿದ ದಿನದಿಂದ ನನ್ನನ್ನು ಮಾಲೆಮ್ ಎಂದೇ ಕರೆಯುತ್ತಾನೆ, ಕೈಹಿಡಿದು ಕಸುಬು ಕಲಿಸಿದವನನ್ನು ಕರೆಯುವ ಹಾಗೆ. ಲೋಟದ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಭುಜ ತಟ್ಟಿ, "ತಲೆ ಎತ್ತಿ ನಡಿಯೋ, ನಾನಿದ್ದೀನಿ" ಎಂದೆ.

ಏಪ್ರಿಲ್ 8, ಮಂಗಳವಾರ

ಕ್ಷೌರದಂಗಡಿಯವನು ಕತ್ತಿ ಕೈಯಲ್ಲಿ ಹಿಡಿದೇ, "ನಿಮ್ಮ ವಿಮಾನಗಳೂ ನಿಮ್ಮ ಫುಟ್‌ಬಾಲ್ ಟೀಮಿನ ಹಾಗೇನಾ, ಅರ್ಧ ದಾರಿಗೆ ಉಸಿರು ಬಿಡ್ತವೆ?" ಎಂದ. ಅವನು ರಜಾ ತಂಡದವನು, ನಾನು ವಿದಾದ್ ತಂಡದವನು. ಕುತ್ತಿಗೆ ಅವನ ಕೈಯಲ್ಲಿದ್ದುದರಿಂದ ಸುಮ್ಮನೆ ನಕ್ಕೆ.

ಮುದುಕಿಗೆ ಮಣಿಕಟ್ಟು ಮಾತ್ರ. ಆರು ವಾರದಲ್ಲಿ ಕೂಡಿಕೊಳ್ಳುತ್ತದೆ.

ಏಪ್ರಿಲ್ 11, ಶುಕ್ರವಾರ

ಕುಸ್‌ಕುಸ್ ಊಟಕ್ಕೆ ಮಗಳು ಬಂದಿದ್ದಳು. ಅವಳಿಗೆ ನನ್ನ ತಂಡದ ಹೆಸರನ್ನೇ ಇಟ್ಟಿದ್ದೇನೆ, ವಿದಾದ್. ಹ್ಯಾಂಗರಿನಿಂದ ಎರಡು ಕಿಲೋಮೀಟರ್ ದೂರದಲ್ಲಿ ವಿಮಾನಗಳಿಗೆ ತಂತಿ ಹೆಣೆಯುವ ಕಾರ್ಖಾನೆಯಿದೆ, ಅಲ್ಲಿ ಮೇಲ್ವಿಚಾರಕಿ. ಅಂದರೆ ಅವಳ ಅನ್ನ ವಿಮಾನ ಮಾಡುವವರದು, ನನ್ನದು ವಿಮಾನ ಹಾರಿಸುವವರದು. ಒಂದೇ ತಟ್ಟೆಗೆ ಕೈ ಹಾಕಿದ ಮೇಲೆ ಜಗಳವಾಗದೆ ಇರುತ್ತದೆಯೇ?

"ಬಾಬಾ, ನೀವು ಏರ್‌ಲೈನ್‌ನವ್ರು ಎಲ್ಲದಕ್ಕೂ ನಮ್ಮನ್ನೇ ಬಯ್ಯೋದು. ಕೊಂಡಾಗ ಹೊಸದಾಗೇ ಕೊಟ್ಟಿರ್ತೀವಲ್ಲ?"

"ಹೊಸದಾಗಿ ಕೊಡ್ತೀರಿ, ಜೊತೆಗೆ ಸುಳ್ಳು ಪುಸ್ತಕಾನೂ ಕೊಡ್ತೀರಿ. ಎಂಟನ್ನ ನಾಲ್ಕು ಮಾಡಿದ್ಯಾರು?"

"ಪುಸ್ತಕದಲ್ಲಿರೋದನ್ನೆಲ್ಲ ನೀವು ಹಾಗೇ ಮಾಡ್ತೀರಾ? ಹೋದ ವರ್ಷ ನಾವು ಕಳಿಸಿದ ತಂತಿನ ನಿಮ್ಮೋರು ಸುತ್ತಿಗೆಲಿ ಬಡಿದು ಕೂರಿಸಿದ್ರು. ಫೋಟೋ ಇದೆ ನನ್ನ ಹತ್ರ."

"ಅದು ಬೇರೆ ಪಾಳಿಯೋರು."

"ಯಾವಾಗ್ಲೂ ಬೇರೆ ಪಾಳಿಯೋರೇ!"

ತಾಮು ಕುಂಬಳಕಾಯಿಯ ದೊಡ್ಡ ಹೋಳನ್ನು ನಮ್ಮಿಬ್ಬರ ನಡುವೆ ತಳ್ಳಿದಳು. "ಇದನ್ನ ಬೆಳೆದವನ ತಪ್ಪೋ, ಬೇಯಿಸಿದವಳ ತಪ್ಪೋ, ತಿಂದು ಹೇಳಿ."

ಇಬ್ಬರೂ ತಿಂದೆವು. ತಪ್ಪೇನೂ ಇರಲಿಲ್ಲ. ವಿದಾದ್ ಹೊರಡುವಾಗ ನನ್ನ ಹಣೆಗೆ ಮುತ್ತಿಟ್ಟು, "ನೀನು ಗೆಲ್ತೀಯ ಬಾಬಾ. ಆದ್ರೂ ಗೆಲ್ಲೋಕೆ ಮುಂಚೆ ಎರಡು ಸಲ ಎಣಿಸು" ಎಂದಳು. ನನಗೆ ಎಣಿಕೆ ಹೇಳಿಕೊಡಲು ಬರುತ್ತಾಳೆ.

ಏಪ್ರಿಲ್ 15, ಮಂಗಳವಾರ

ಕಾರ್ಖಾನೆಯ ತಜ್ಞೆ ಬಂದಳು. ಮದಾಮ್ ಇಲ್ಸೆ ಎಂದು ಹೆಸರು. ತೆಳ್ಳಗೆ, ಬಿಳಿಕೂದಲು, ಜೇಬಿನಲ್ಲಿ ಸಣ್ಣ ಟಾರ್ಚು. ಸೂಟು ಹಾಕಿಕೊಂಡ ಯಾರಾದರೂ ಬರುತ್ತಾರೆಂದುಕೊಂಡಿದ್ದೆ. ಈಕೆ ಬಂದವಳೇ ನೆಲದ ಮೇಲೆ ಅಂಗಾತ ಮಲಗಿ ರೆಕ್ಕೆಯಡಿ ಸರಿದಳು. ಕೆಲಸ ಗೊತ್ತಿರುವವಳು, ಇಲ್ಲವೆನ್ನಲಾರೆ.

ಮುಚ್ಚಳ ಬಿಚ್ಚಿ, ಅಂಟನ್ನು ಬೆರಳಿನಲ್ಲಿ ತೆಗೆದು ತೋರಿಸಿದಳು. ಬಸಿದುಹೋದ ಜಾಗದಲ್ಲಿ ಅದು ಗಟ್ಟಿಯಾಗುವ ಮೊದಲೇ ಇಂಧನ ತಾಗಿ ನಾರಿನಂತೆ ಎದ್ದಿತ್ತು.

"ಇದು ನಾಲ್ಕು ಗಂಟೆ ಒಣಗಿದ ಅಂಟಲ್ಲ" ಎಂದಳು ಫ್ರೆಂಚಿನಲ್ಲಿ.

"ನಾಲ್ಕೂಕಾಲು" ಎಂದು ಚೀಟಿ ಹಿಡಿದೆ. ಮುಖಕ್ಕೇ ಹಿಡಿದೆ.

ಅವಳು ಎರಡು ಸಲ ಓದಿದಳು. "ಹ್ಯಾಂಗರಿನಲ್ಲಿ ಚಳಿ ಇತ್ತೇ?" ಇಲ್ಲ, ಬಿಸಿಗಾಳಿಯ ಯಂತ್ರ ಇಟ್ಟಿದ್ದೆವು, ಅದರ ದಾಖಲೆಯೂ ಇದೆ. "ಅಂಟು ಹಳೆಯದೇ?" ಅಲ್ಲ, ತಾರೀಖು ಸರಿಯಿದೆ. "ಹಾಗಾದರೆ ಉಳಿದದ್ದು ಒಂದೇ. ಎರಡು ಡಬ್ಬಿಯದನ್ನು ಕಲಸುವಾಗ ಅಳತೆ ತಪ್ಪಿದೆ. ಕಲಸಿದವರು ಯಾರು?"

ಮಿಲೂದ್ ಅಲ್ಲೇ ನಿಂತಿದ್ದ. ಎಲ್ಲರೂ ಅವನ ಕೈಗಳನ್ನು ನೋಡಿದರು. ಅವನೂ ನೋಡಿಕೊಂಡ.

ನಾನು ಏರಿದ ದನಿಯಲ್ಲೇ ಹೇಳಿದೆ, ನಿಮ್ಮ ಪುಸ್ತಕದ ನಾಲ್ಕು ಗಂಟೆಯೇ ತಪ್ಪು ಎಂದು. ಅವಳು ಏರಿಸದ ದನಿಯಲ್ಲಿ ಹೇಳಿದಳು, ನಾಲ್ಕು ಗಂಟೆ ಬಿಟ್ಟ ಬೇರೆ ಯಾವ ಊರಲ್ಲೂ ಸೋರಿಲ್ಲ ಎಂದು. ಕಲಸಿದ ಲೋಟವನ್ನು ಕೇಳಿದಳು. ಅದನ್ನು ಪಾಳಿ ಮುಗಿದ ಆ ಬೆಳಿಗ್ಗೆಯೇ ಕಸ ಗುಡಿಸುವವರು ಎಸೆದಿದ್ದರು.

ಸಂಜೆ ಲಹ್ಲೂ ಮಿಲೂದನನ್ನು ಮನೆಗೆ ಕಳಿಸಿದರು. "ಸೋಮವಾರ ವಿಮಾನಯಾನ ಇಲಾಖೆಯವರ ಜೊತೆ ಸಭೆ ಇದೆ, ಅದು ಮುಗಿಯೋವರೆಗೆ ಅಷ್ಟೆ" ಎಂದರು. ನಾನು ಹಿಂದೆಯೇ ಹೋದೆ.

"ಸಾಹೇಬ್ರೆ, ಅವನ ಕೈ ನನಗೆ ಗೊತ್ತು. ಅಳತೆ ತಪ್ಪೋನಲ್ಲ."

ಲಹ್ಲೂ ಪೆನ್ನು ಆಡಿಸಿದರು. "ಅವರ ಪುಸ್ತಕ ತಪ್ಪು ಅಂತ ಸಾಬೀತಾಗದಿದ್ರೆ ಯಾರದ್ದಾದ್ರೂ ಕೈ ತಪ್ಪಬೇಕಲ್ಲ ಸಿ ಬೂಷ್ತಾ. ನಮಗೆ ಬೇಸಿಗೆಗೆ ಇನ್ನೆರಡು ವಿಮಾನ ಬರಬೇಕು. ಒಬ್ಬ ಕೆಲಸಗಾರನಿಗೋಸ್ಕರ ಕಾರ್ಖಾನೆ ಜೊತೆ ವರ್ಷಗಟ್ಟಲೆ ಗುದ್ದಾಡೋಕಾಗುತ್ತಾ? ಸೋಮವಾರ ನೀವು ಗೆಲ್ಲಿಸಿದ್ರೆ ಅವನು ಉಳೀತಾನೆ. ಇಲ್ಲಾಂದ್ರೆ ಹೋಗ್ತಾನೆ."

ಗೆಲ್ಲಿಸುತ್ತೇನೆ. ಹಳೆಯ ಪುಸ್ತಕ, ಹೊಸ ಪುಸ್ತಕ ಎರಡನ್ನೂ ಮನೆಗೆ ತಂದಿದ್ದೇನೆ.

ಏಪ್ರಿಲ್ 17, ಗುರುವಾರ

ಓದಿದೆ. ಎಂಟು ಏಕೆ ನಾಲ್ಕಾಯಿತು ಎಂದು ಎಲ್ಲೂ ಬರೆದಿಲ್ಲ. ಬರೆಯದೆ ಇರುವುದೇ ಅವರ ತಪ್ಪಿಗೆ ಸಾಕ್ಷಿ. ಸೋಮವಾರಕ್ಕೆ ನಾನು ಸಿದ್ಧ.

ಏಪ್ರಿಲ್ 18, ಶುಕ್ರವಾರ

ಇದನ್ನು ನಿಧಾನವಾಗಿ ಬರೆಯಬೇಕು.

ಊಟಕ್ಕೆ ವಿದಾದ್ ಬಂದಿದ್ದಳು. ಅವಳಿಗೆ ನಾಲ್ಕಕ್ಕೆ ರಬಾತಿನ ರೈಲು. ಅಡುಗೆಮನೆಯ ಗಡಿಯಾರ ಎರಡೂಕಾಲು ತೋರಿಸುತ್ತಿತ್ತು. ಆರಾಮವಾಗಿ ಚಹಾ ಬಗ್ಗಿಸಿಕೊಂಡವಳು ಫೋನು ನೋಡಿ ಹೌಹಾರಿದಳು. "ಅಯ್ಯೋ ಮಾ! ಆಗ್ಲೇ ಮೂರೂಕಾಲು! ಈ ಗಡಿಯಾರನ ನಂಬಿದ್ರೆ ರೈಲು ಹೋಗೇಬಿಡುತ್ತೆ."

"ಗಡಿಯಾರ ಸರಿಯಾಗೇ ಇದೆ" ಎಂದಳು ತಾಮು. "ಸರಿಯಿಲ್ಲದೆ ಇರೋದು ನೀವು. ನಿಮ್ಮಪ್ಪನೂ ಹಾಗೇ. ಹಬ್ಬದ ಮರುವಾರ ಒಂದು ಗಂಟೆ ಮುಂಚೆನೇ ಮನೆಗೆ ಬಂದು, ಹಿಟ್ಟು ಕಲಸಿಲ್ಲ ಅಂತ ನನ್ನ ಮೇಲೆ ಹಾರಾಡಿದ್ರು. ಹನ್ನೆರಡು ದಿನ ಆಯ್ತು, ಇನ್ನೂ ಒಂದು ಮಾತು ಹೇಳಿಲ್ಲ ನಾನು. ಇವತ್ತು ಹೇಳ್ತೀನಿ. ನಾನು ತಡ ಮಾಡ್ಲಿಲ್ಲ ರೀ. ನೀವೇ ಮುಂಚೆ ಬಂದ್ರಿ."

"ಎಲ್ಲಿ ಮುಂಚೆ ಬಂದೆ? ಪಾಳಿ ಏಳಕ್ಕೆ ಮುಗೀತು, ಏಳೂ ನಲವತ್ತಕ್ಕೆ ಬಂದೆ."

"ಆರೂ ನಲವತ್ತಕ್ಕೆ ಬಂದ್ರಿ. ಹಿಂದಿನ ರಾತ್ರಿ ಇದೇ ಗಡಿಯಾರ ನೋಡ್ಕೊಂಡು ಹೋದೋರು, ಹತ್ತು ಗಂಟೆ ಪಾಳಿನ ಒಂಬತ್ತು ಗಂಟೇಲಿ ಮುಗಿಸ್ಕೊಂಡು ಬಂದ್ರಿ. ಹಿಟ್ಟಿಗೇನು ಗೊತ್ತು ಸರಕಾರದ ಗಂಟೆ? ಅದು ಉಬ್ಬೋಕೆ ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ಬೇಕು."

ವಿದಾದ್ ನಗುತ್ತಾ ಚೀಲ ಎತ್ತಿಕೊಂಡು ಓಡಿದಳು. ನಾನು ನಗಲಿಲ್ಲ. ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ಹ್ಯಾಂಗರಿನ ಗೋಡೆ ಗಡಿಯಾರವನ್ನು ಇಪ್ಪತ್ತು ವರ್ಷ ಹಮ್ಮಾದಿಯೇ ತಿರುಗಿಸುತ್ತಿದ್ದ. ಗಂಟೆ ಬದಲಾದ ದಿನ ಬೆಳಿಗ್ಗೆ ಏಣಿ ಹಾಕಿ ಹತ್ತಿ, ಕೆಳಗಿದ್ದವರಿಗೆಲ್ಲ ಬೈದುಕೊಂಡು ಮುಳ್ಳು ತಿರುಗಿಸುವುದು ಅವನ ಪದ್ಧತಿ. ಅವನು ಏಣಿ ಹತ್ತುವವರೆಗೂ ನಮಗೆ ಹಳೆಯ ಗಂಟೆಯೇ. ಈ ರಮದಾನಿನ ನಡುವೆ ಆ ಗಡಿಯಾರವನ್ನು ಇಳಿಸಿ ಹೊಸದನ್ನು ಹಾಕಿದರು. ಅದಕ್ಕೆ ಏಣಿ ಬೇಡ, ಗಂಟೆ ಬದಲಾಗುವ ರಾತ್ರಿಯೇ ತಾನೇ ತಿರುಗುತ್ತದೆ. ಟ್ಯಾಂಕ್ ತೆರೆದಿರುವಾಗ ಫೋನು ಹೊರಗಿಡಬೇಕು, ಕೈಗಡಿಯಾರ ಬಿಚ್ಚಿಡಬೇಕು. ಗೋಡೆಯೊಂದೇ ನಮಗೆ ಸಮಯ ಹೇಳುವುದು.

ಊಟ ಬಿಟ್ಟು ಎದ್ದು ಈ ಪುಸ್ತಕ ತೆರೆದೆ. ಆರನೆಯ ತಾರೀಖಿನ ಪುಟ ತೆಗೆದೆ. ಎಲ್ಲವನ್ನೂ ನಾನೇ ಬರೆದಿದ್ದೇನೆ. ಹನ್ನೊಂದೂವರೆ, ಮೂರೂ ಮುಕ್ಕಾಲು, ಲೋಟ, ಉಗುರು, ಕಲಸದ ಹಿಟ್ಟು. ಎರಡು ಸಾಲು ಕೆಳಗೆ ಸರಕಾರ ಗಂಟೆಯನ್ನು ಮುಂದಕ್ಕೆ ತಳ್ಳಿದ್ದನ್ನೂ ನಾನೇ ಬರೆದಿದ್ದೇನೆ, ಹಳ್ಳಿಯ ಹೆಂಗಸಿನ ಹಟ ಎಂದೂ ಬರೆದಿದ್ದೇನೆ.

ಹನ್ನೊಂದೂವರೆ ಹಳೆಯ ಗಂಟೆ. ಮೂರೂ ಮುಕ್ಕಾಲು ಹೊಸ ಗಂಟೆ. ನಡುವೆ ಇದ್ದದ್ದು ಮೂರೂಕಾಲು ಗಂಟೆ ಮಾತ್ರ.

ಏಪ್ರಿಲ್ 19, ಶನಿವಾರ

ಹಮ್ಮಾದಿಗೆ ಫೋನು ಮಾಡಿ, ಆ ದಿನದ ಇಂಧನ ಲಾರಿಯ ಚೀಟಿಯನ್ನು ಓದಿಸಿದೆ. ಎರಡೂ ನಲವತ್ತೇಳು ಎಂದಿದೆಯಂತೆ. "ಅದು ಕೆಟ್ಟ ಗಡಿಯಾರ ಕಣೋ, ಎಲ್ಲರೂ ಹಾಗೇ ಅಂದ್ಕೊಂಡ್ರು" ಎಂದ. ಕೆಟ್ಟದ್ದಲ್ಲ, ಹಳೆಯ ಗಂಟೆ. ಲಾರಿಯ ಗಡಿಯಾರ ಏಣಿಯನ್ನೂ ನೋಡುವುದಿಲ್ಲ, ಸರಕಾರವನ್ನೂ ನೋಡುವುದಿಲ್ಲ.

ಇದು ಗೊತ್ತಿರುವವನು ನಾನೊಬ್ಬನೇ. ಸುಮ್ಮನಿದ್ದರೆ ಸೋಮವಾರ ಕಾರ್ಖಾನೆ ಸೋಲಬಹುದು. ಅದು ಸೋಲದಿದ್ದರೆ ಮಿಲೂದ್ ಸೋಲುತ್ತಾನೆ. ಎರಡರಲ್ಲಿ ಯಾವುದೇ ನಡೆದರೂ ಹದಿನೇಳನೆಯ ಮೊಹರು ನನ್ನ ಜೇಬಿನಲ್ಲೇ ಇರುತ್ತದೆ.

ಏಪ್ರಿಲ್ 20, ಭಾನುವಾರ

ಬರಿಗೈಯಲ್ಲಿ ಹೋಗಬಾರದೆಂದು ಸಕ್ಕರೆಯ ಅಚ್ಚೊಂದನ್ನು ಕೊಂಡು, ಮಣಿಕಟ್ಟು ಮುರಿದ ಆ ಮುದುಕಿ ಹಾಜ್ಜಾ ಮಹ್ಜೂಬಾ ಅವರ ಮನೆಗೆ ಹೋದೆ. ನಾನು ಯಾರೆಂದು ಹೇಳಿದೆ. ಬಾಗಿಲಲ್ಲಿ ಮಗ ಮುಖ ಗಂಟಿಕ್ಕಿದ. ಹಾಜ್ಜಾ ಮಾತ್ರ ಒಳಗಿನಿಂದಲೇ, "ಸಕ್ಕರೆ ತಂದವರನ್ನ ಹೊಸ್ತಿಲಲ್ಲಿ ನಿಲ್ಲಿಸ್ತಾರಾ? ಕೂರಿಸೋ" ಎಂದರು. ಎಡಗೈಯಲ್ಲಿ ಚಹಾ ಬಗ್ಗಿಸಲು ಹೋಗಿ ಅರ್ಧ ಹೊರಗೆ ಚೆಲ್ಲಿದರು. ಪಾತ್ರೆಯನ್ನು ನಾನೇ ತೆಗೆದುಕೊಂಡೆ.

"ಮೊಮ್ಮಗನ ನಾಮಕರಣಕ್ಕೆ ಹೊರಟಿದ್ದೆ ಮಗಾ. ಆ ದಿನ ಹಳೆ ಗಂಟೆನೋ ಹೊಸ ಗಂಟೆನೋ ತಿಳೀದೆ ಒಂದು ಗಂಟೆ ಮುಂಚೆನೇ ಏರ್‌ಪೋರ್ಟಿಗೆ ಹೋಗಿ ಕೂತಿದ್ದೆ. ಎಲ್ಲರೂ ನಕ್ರು. ತಡ ಆಗೋದಕ್ಕಿಂತ ಕಾಯೋದು ವಾಸಿ ಅಲ್ವಾ?"

"ವಾಸಿ ಹಾಜ್ಜಾ" ಎಂದೆ. ಕೈ ತುಂಬಾ ನೋಯುತ್ತದೆಯೇ ಎಂದು ಕೇಳಿದೆ. ರೊಟ್ಟಿ ತಟ್ಟಲು ಆಗುವುದಿಲ್ಲ ಎಂದರು, ಅದೊಂದೇ ನೋವು.

ಏಪ್ರಿಲ್ 21, ಸೋಮವಾರ

ಹೊರಡುವಾಗ ಅಡುಗೆಮನೆಯ ಗಡಿಯಾರವನ್ನು ಮೊಳೆಯಿಂದ ತೆಗೆದೆ.

"ಎಲ್ಲಿಗ್ರೀ ಅದನ್ನ?"

"ಸಾಕ್ಷಿ ಹೇಳೋಕೆ."

ತಾಮು ತಲೆವಸ್ತ್ರದ ತುದಿಯಿಂದ ಅದರ ಗಾಜಿನ ಮೇಲಿನ ಎಣ್ಣೆಯ ಜಿಡ್ಡನ್ನು ಒರೆಸಿದಳು. "ಸಭೆಗೆ ಹೋಗೋದು ಅಂದ್ರೆ ಮುಖ ತೊಳ್ಕೊಂಡು ಹೋಗ್ಲಿ" ಎಂದಳು. ಬೇರೇನೂ ಕೇಳಲಿಲ್ಲ. ಶುಕ್ರವಾರ ನಾನು ಊಟ ಬಿಟ್ಟು ಎದ್ದಾಗಲೇ ಅವಳಿಗೆ ತಿಳಿದಿತ್ತು ಎಂದು ಕಾಣುತ್ತದೆ.

ಸಭೆಯಲ್ಲಿ ಲಹ್ಲೂ, ಮದಾಮ್ ಇಲ್ಸೆ, ವಿಮಾನಯಾನ ಇಲಾಖೆಯ ಒಬ್ಬ ಅಧಿಕಾರಿ, ಬಾಗಿಲ ಬಳಿ ಹೊಸ ಅಂಗಿ ತೊಟ್ಟ ಮಿಲೂದ್. ಲಹ್ಲೂ ನನ್ನ ಕಡೆ ತಲೆಯಾಡಿಸಿದರು. ನಾನು ಪುಸ್ತಕಗಳನ್ನು ತೆರೆಯಲಿಲ್ಲ. ಚೀಲದಿಂದ ಗಡಿಯಾರ ತೆಗೆದು ಮೇಜಿನ ಮೇಲಿಟ್ಟೆ. ಗೋಡೆಯಲ್ಲಿ ಹತ್ತು ಗಂಟೆ, ಮೇಜಿನ ಮೇಲೆ ಒಂಬತ್ತು.

"ಇದೇನ್ರಿ, ಸಂತೆನಾ?" ಎಂದರು ಲಹ್ಲೂ.

ಮದಾಮ್ ಇಲ್ಸೆ ತನ್ನ ಕೈಗಡಿಯಾರ ನೋಡಿಕೊಂಡು, ಮೇಜಿನ ಮೇಲಿನದನ್ನು ತೋರಿಸಿದಳು. "ಇದು ವಿಶ್ವ ಸಮಯ" ಎಂದಳು. "ಜಗತ್ತಿನ ಎಲ್ಲ ವಿಮಾನಗಳ ಒಳಗೂ ಇರುವುದು ಇದೇ ಗಂಟೆ."

"ಅಲ್ಲ ಮದಾಮ್. ಇದು ತಾಮುವಿನ ಗಂಟೆ."

ಆಮೇಲೆ ಹೇಳಿದೆ. ಏಣಿ, ಹೊಸ ಗಡಿಯಾರ, ಹನ್ನೊಂದೂವರೆ, ಮೂರೂ ಮುಕ್ಕಾಲು. ಇಂಧನ ಲಾರಿಯ ಚೀಟಿ ತರಿಸಿ ಎಂದೆ. ಹಮ್ಮಾದಿ ತಂದ. ಎರಡೂ ನಲವತ್ತೇಳು.

"ಇನ್ನೊಂದಿದೆ" ಎಂದೆ. "ಲೋಟ ಇನ್ನೂ ಮೆತ್ತಗಿದೆ ಅಂತ ಮಿಲೂದ್ ಹೇಳಿದ. ಗಡಿಯಾರ ನೋಡು ಅಂದವನು ನಾನು. ಅವನ ಉಗುರು ಸರಿ ಹೇಳಿತ್ತು. ಅಳತೆಯೂ ಸರಿ ಇತ್ತು. ಕಡಿಮೆಯಾದದ್ದು ಗಂಟೆ."

ಬಾಗಿಲ ಬಳಿ ಮಿಲೂದ್, "ಮಾಲೆಮ್, ಬೇಡ" ಎಂದ. "ನೀನು ಸುಮ್ನಿರೋ" ಎಂದೆ, ಅಭ್ಯಾಸಬಲದಿಂದ. ಕೂಡಲೇ, "ಇಲ್ಲ, ಇನ್ಮೇಲೆ ಸುಮ್ನಿರಬೇಡ" ಎಂದೆ.

ಲಹ್ಲೂ ಅವರ ಪೆನ್ನು ನಿಂತಿತು. "ಅಂದ್ರೆ ತಪ್ಪು ನಮ್ಮದು ಅಂತ ಒಪ್ಕೊಂಡ ಹಾಗಾಯ್ತಲ್ಲ ಸಿ ಬೂಷ್ತಾ?"

"ನನ್ನ ಪಾಲು ನನ್ನದು ಅಂತ ಒಪ್ಕೊಂಡೆ. ಮಿಕ್ಕಿದ್ದನ್ನ ನೀವಿಬ್ಬರೂ ಹಂಚ್ಕೊಳ್ಳಿ. ತಾನೇ ತಿರುಗೋ ಗಡಿಯಾರ ಹಾಕಿ ಒಂದು ಮಾತೂ ಹೇಳದೆ ಇದ್ದೋರು ನೀವು. ಎಂಟು ಗಂಟೆ ಇದ್ದಾಗ ನನ್ನಂಥವನು ಒಂದು ಗಂಟೆ ತಪ್ಪಿದ್ರೂ ಏಳು ಉಳೀತಿತ್ತು, ಏಳು ಗಂಟೆ ಒಣಗಿದ ಅಂಟು ಸೋರಲ್ಲ. ಮನುಷ್ಯ ತಪ್ಪೋಕೆ ಜಾಗಾನೇ ಇಲ್ಲದ ಹಾಗೆ ನಾಲ್ಕು ಮಾಡಿದವರು ಈ ಮದಾಮ್ ಕಡೆಯವರು."

ಮದಾಮ್ ಇಲ್ಸೆ ಎಲ್ಲವನ್ನೂ ಬರೆದುಕೊಂಡಳು. ಕೊನೆಯ ಮಾತನ್ನೂ ಬರೆದುಕೊಂಡದ್ದನ್ನು ನೋಡಿದೆ. ಆಮೇಲೆ ತಲೆ ಎತ್ತಿ, "ಎಂಟನ್ನು ಇಳಿಸಿ ಎಂದು ನಮಗೆ ಹದಿನಾರು ಕಾಗದ ಬಂದಿದ್ದವು" ಎಂದಳು. "ವಿಮಾನ ಹ್ಯಾಂಗರಿನಲ್ಲಿ ನಿಂತರೆ ನಷ್ಟವೆಂದು ಏರ್‌ಲೈನ್‌ಗಳೇ ಬರೆದದ್ದು. ನಿಮ್ಮದೂ ಒಂದಿತ್ತು."

ಲಹ್ಲೂ ಕಿಟಕಿಯ ಕಡೆ ನೋಡಿದರು.

ಯಾರ ಪಾಲು ಎಷ್ಟೆಂದು ಅಧಿಕಾರಿ ಒಂದು ತಿಂಗಳಲ್ಲಿ ಬರೆಯುತ್ತಾರಂತೆ. ಬರೆಯಲಿ. ಇವತ್ತು ತೀರ್ಮಾನವಾದದ್ದು ಎರಡು. ಮಿಲೂದ್ ನಾಳೆ ಕೆಲಸಕ್ಕೆ ಬರುತ್ತಾನೆ. ನಾನು ಬರುವುದಿಲ್ಲ. ಲಹ್ಲೂ ಕೈ ಚಾಚಿದರು. ಜೇಬಿನಿಂದ ಮೊಹರು ತೆಗೆದು ಅವರ ಅಂಗೈಯಲ್ಲಿಟ್ಟೆ. ಮೂವತ್ತೊಂದು ವರ್ಷಕ್ಕೆ ಹಿಡಿ ಸವೆದು ನನ್ನ ಹೆಬ್ಬೆರಳಿನ ಆಕಾರಕ್ಕೆ ಬಂದಿದೆ, ಇನ್ನೊಬ್ಬರ ಕೈಗೆ ಅಷ್ಟು ಸುಲಭಕ್ಕೆ ಒಗ್ಗಲಾರದು.

ಮದಾಮ್ ಇಲ್ಸೆ ಬಾಗಿಲವರೆಗೂ ಬಂದು ಕೈ ಕುಲುಕಿದಳು. "ಆ ಗಡಿಯಾರ ಮಾರುತ್ತೀರಾ?" ಎಂದಳು. ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ. ಅದು ನನ್ನದಲ್ಲ ಎಂದೆ.

ಏಪ್ರಿಲ್ 24, ಗುರುವಾರ

ಎರಡು ದಿನ ಬರೆಯಲಿಲ್ಲ. ತಾಮುವಿಗೆ ಹಿಟ್ಟು ಕಲಸಿಕೊಡುತ್ತಿದ್ದೇನೆ. ನೀರು ಎಷ್ಟು, ಉಪ್ಪು ಎಷ್ಟು, ಎಷ್ಟು ಹೊತ್ತು ಎಂದು ಕೇಳಿ ಕೇಳಿ ಹಾಕುತ್ತೇನೆ. "ಮುಟ್ಟಿ ನೋಡ್ರೀ, ಅದೇ ಹೇಳುತ್ತೆ" ಎನ್ನುತ್ತಾಳೆ. ಒಂದು ರೊಟ್ಟಿಯನ್ನು ಹಾಜ್ಜಾ ಮಹ್ಜೂಬಾ ಅವರ ಮನೆಗೆ ಕೊಟ್ಟು ಬಂದೆ.

ಇವತ್ತು ಪೆಟ್ಟಿಗೆಯ ಬೀಗದ ಕೈ ಹಿಂತಿರುಗಿಸಲು ಹ್ಯಾಂಗರಿಗೆ ಹೋದೆ. ಚಹಾದ ಹೊತ್ತು. ಹಮ್ಮಾದಿ ನನ್ನನ್ನು ಹಿಡಿದು ಕೂರಿಸಿದ. ಹನ್ನೆರಡು ಜನ ಸುತ್ತ ನಿಂತರು. ಕಾರ್ಖಾನೆಯ ತಪ್ಪಂತೆ, ಅಲ್ಲ ಕಂಪನಿಯ ತಪ್ಪಂತೆ, ಬೂಷ್ತಾನನ್ನು ಬಲಿ ಕೊಟ್ಟರಂತೆ ಎಂದು ಏನೇನೋ ಮಾತು ಹಬ್ಬಿತ್ತು.

"ನೀವೇ ಹೇಳಿ ಸಿ ಬೂಷ್ತಾ" ಎಂದರು.

ಹೇಳಿದೆ. ನಮ್ಮ ದುಕ್ಕಾಲಾ ಸೀಮೆಯಲ್ಲಿ ನನ್ನ ತಾಯಿ ರೊಟ್ಟಿಯ ಒಲೆಯ ಮುಂದೆ ಕತೆ ಹೇಳುವಾಗ ಇದನ್ನು ಮೊದಲು ಯಾರು ಹೇಳಿದರು, ಯಾವ ಹೊತ್ತಿನಲ್ಲಿ ಹೇಳಿದರು ಎಂದು ಶುರು ಮಾಡುತ್ತಿದ್ದಳು. ನಾನೂ ಹಮ್ಮಾದಿಯ ಫೋನಿನಿಂದ ಶುರು ಮಾಡಿದೆ. ಲೋಟದ ಮಾತು ಬಂದಾಗ ಯಾರೂ ನಗಲಿಲ್ಲ. ತಾಮು ಗಡಿಯಾರದ ಮುಖ ಒರೆಸಿದ್ದು ಬಂದಾಗ ಎಲ್ಲರೂ ನಕ್ಕರು.

ಕತೆ ಮುಗಿದ ಮೇಲೆ ವಿಮಾನದ ಬಾಗಿಲುಗಳ ವಿಭಾಗದ ಇಬ್ರಾಹೀಂ ಮುಂದೆ ಬಂದ. "ಆ ರಾತ್ರಿ ನಾನೂ ಪಾಳಿಯಲ್ಲಿದ್ದೆ" ಎಂದ. ಇನ್ನೊಬ್ಬ, "ನಾನೂ" ಎಂದ. ಆಮೇಲೆ ಎಲ್ಲರೂ ಲೋಟ ತೊಳೆದಿಟ್ಟು ಕೆಲಸಕ್ಕೆ ಹೋದರು.

ಏಪ್ರಿಲ್ 25, ಶುಕ್ರವಾರ

ಹಮ್ಮಾದಿಯ ಫೋನು, ಹನ್ನೊಂದಕ್ಕೆ.

"ಹಳೆ ಗಂಟೆನಾ, ಹೊಸ ಗಂಟೆನಾ?" ಎಂದು ಮೊದಲು ಕೇಳಿದೆ.

"ಹೊಸದು. ಕೇಳೋ ಇಲ್ಲಿ."

ಇವತ್ತು ಬೆಳಿಗ್ಗೆ ಅವನು ಹತಾರದ ಕೋಣೆಯ ಬೀಗ ತೆಗೆಯುವ ಮೊದಲೇ ಬಾಗಿಲಲ್ಲಿ ಸಾಲು ನಿಂತಿತ್ತಂತೆ. ನಿನ್ನೆ ಕತೆ ಕೇಳಿದ ಹನ್ನೆರಡು ಜನರಲ್ಲಿ ಒಂಬತ್ತು ಜನ. ಯಾರೂ ಕರೆದಿರಲಿಲ್ಲ, ಸುತ್ತೋಲೆಯೂ ಬಂದಿರಲಿಲ್ಲ. ಆ ಶನಿವಾರ ರಾತ್ರಿಯ ತಮ್ಮ ತಮ್ಮ ಚೀಟಿಗಳನ್ನು ಕೇಳಿ ತೆಗೆಸಿಕೊಂಡು, ನೆಲದ ಮೇಲೆ ಹರಡಿ ಕೂತು ಬೆರಳು ಮಡಿಸಿ ಎಣಿಸಿದರಂತೆ. ಏಳು ಚೀಟಿ ಸರಿಯಿದ್ದವು. ಎರಡರಲ್ಲಿ ಅಂಟು ಒಣಗಿದ ಹೊತ್ತು ಒಂದೊಂದು ಗಂಟೆ ಕಡಿಮೆ ಬಂತು. ಇಬ್ರಾಹೀಂ ತನ್ನದನ್ನು ತಾನೇ ಲಹ್ಲೂ ಅವರ ಮೇಜಿಗೆ ತೆಗೆದುಕೊಂಡು ಹೋದ. ಮಿಲೂದ್ ಜೊತೆಗೆ ಹೋಗಿ ಪಕ್ಕದಲ್ಲಿ ನಿಂತ.

ಲಹ್ಲೂ ಪೆನ್ನು ಕೆಳಗಿಟ್ಟು ಫೋನು ಎತ್ತಿಕೊಂಡರಂತೆ.

ಆ ಎರಡು ಚೀಟಿಗಳ ವಿಮಾನಗಳಲ್ಲಿ ಒಂದು ಹ್ಯಾಂಗರಿನಲ್ಲೇ ಇತ್ತು. ಇನ್ನೊಂದು ಊಜ್ದಾಕ್ಕೆ ಹೊರಡಲು ಜನರನ್ನು ಹತ್ತಿಸಿಕೊಂಡು ಬಾಗಿಲು ಹಾಕಿ ನಿಂತಿತ್ತು. ಬಾಗಿಲು ತೆಗೆಸಿ, ಮಿಲೂದ್ ಕೆಳಗೆ ಮಲಗಿ, ಅಂಟನ್ನು ಉಗುರಿನಿಂದ ಒತ್ತಿ ಒತ್ತಿ ನೋಡಿದ. ಗಟ್ಟಿಯಾಗಿತ್ತು. ಆದರೂ ಪೂರ್ತಿ ನೋಡದೆ ಎದ್ದು ಬರಲಿಲ್ಲ.

"ಅಷ್ಟು ಹೊತ್ತೂ ಒಳಗೆ ಕೂತಿದ್ದ ಜನ ಕಂಪನಿಯ ಏಳು ತಲೆಮಾರಿಗೂ ಬೈದ್ರು ಮಾರಾಯ" ಎಂದ ಹಮ್ಮಾದಿ. "ಒಂದು ಗಂಟೆ ತಡ ಆಯ್ತಲ್ಲ!"